ಬಿಳಿ ಕಾಲರ್ ವಕೀಲಿಕೆ: ದುರ್ಗದಲ್ಲಿ ಬಳಸುವ ವಿಧಾನ

ಪೆಟ್ಟಿಗೆಯಲ್ಲಿರುವುದು: ಕರಿ ಕೋಟು ಒಂದು, ಬಿಳಿ ಬ್ಯಾಂಡು ಒಂದು, ಸನ್ನದು ಒಂದು. ನಿಜಲಿಂಗಪ್ಪನವರೂ ಚಿತ್ರದುರ್ಗದಲ್ಲಿ ವಕೀಲಿಕೆ ಮಾಡಿ ಮುಂದೆ ಮುಖ್ಯಮಂತ್ರಿಯಾದರು. ಆ ಸೌಲಭ್ಯ ಈ ಮಾದರಿಯಲ್ಲಿಲ್ಲ.

ಎಚ್ಚರಿಕೆ: ಸೆಬಿ, ಷೇರುಪೇಟೆ ಎಂದು ಓದಿ ಬಂದವರು ಅವನ್ನು ನಮ್ಮ ಕೋರ್ಟಿನ ಆವರಣದಲ್ಲಿ ಹುಡುಕಬೇಡಿ. ಹೊಳಲ್ಕೆರೆಯಿಂದ ಬರುವ ಆರೋಪಿಯ ಅಂಗಿಗೆ ಅಡಿಕೆ ಚೊಗರು ಹತ್ತಿರುತ್ತದೆ. ಕಾಲರ್ ಬಿಳಿ ಇರುವುದು ನಿಮ್ಮದೊಂದೇ. ಅವನು ಕೂರುವ ಮೊದಲೇ ಹೇಳುತ್ತಾನೆ: "ಸೆಕ್ಯೂರಿಟಿಗೆ ಅಂತ ಖಾಲಿ ಚೆಕ್ ಕೊಟ್ಟಿದ್ದೆ ಸಾರ್." ಅಲ್ಲಿಗೆ ನೀವು ಸೆಕ್ಯೂರಿಟೀಸ್ ವಕೀಲರಾದಿರಿ. ಹಾಗೆಂದು ಬೋರ್ಡು ಬರೆಸಬೇಡಿ, ಬಾರ್ ಕೌನ್ಸಿಲ್ ಒಪ್ಪುವುದಿಲ್ಲ.

ಚಾಲೂ ಮಾಡುವುದು: ಖಾಲಿ ಚೆಕ್ ಎಂದ ಕೂಡಲೇ ಹಿಗ್ಗಬೇಡಿ. ಚೆಕ್ ಬೌನ್ಸ್ ಅಪರಾಧವಾದದ್ದು 1989ರಿಂದ, 138ನೇ ಕಲಮಿನಡಿ. ಸಹಿ ತನ್ನದೆಂದು ಒಪ್ಪಿಕೊಂಡರೆ ಸಾಲವಿತ್ತೆಂದೇ ಕೋರ್ಟು ಮೊದಲು ಹಿಡಿಯುತ್ತದೆ. ಇರಲಿಲ್ಲವೆಂದು ತೋರಿಸುವ ಹೊರೆ ನಿಮ್ಮ ಮೇಲೆ. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ 2010ರ ರಂಗಪ್ಪ ಪ್ರಕರಣವನ್ನು ಎದುರು ವಕೀಲರು ಓದುತ್ತಾರೆ. ನೀವು 2019ರ ಬಸಲಿಂಗಪ್ಪ ಪ್ರಕರಣ ತೆಗೆಯಿರಿ. ಅದರಲ್ಲಿ ಚೆಕ್ಕು 6 ಲಕ್ಷದ್ದು, ಹೈಕೋರ್ಟು ಶಿಕ್ಷೆ ಕೊಟ್ಟಿತ್ತು. ಅಷ್ಟು ಸಾಲ ಕೊಡುವ ಶಕ್ತಿ ದೂರುದಾರನಿಗಿತ್ತೇ ಎಂಬ ಪ್ರಶ್ನೆ ಆರೋಪಿಯನ್ನು ಉಳಿಸಿತು. ನನ್ನ ಮಟ್ಟಿಗೆ ಇಡೀ ವಿದ್ಯೆ ಇಷ್ಟೇ. ಪಾಟೀಸವಾಲಿನಲ್ಲಿ ದನಿ ಏರಿಸದೆ ಕೇಳಿ: "ದುಡ್ಡು ಎಲ್ಲಿಂದ ಬಂತು ಸ್ವಾಮಿ? ಅಡಿಕೆ ಮಾರಿದ್ದಾ? ಯಾವ ಮಂಡಿ? ಪಟ್ಟಿ ಇದೆಯಾ?" ಸಾಕ್ಷಿ ತಡವರಿಸಿದ ಕೂಡಲೇ ಕೂತುಬಿಡಿ. ಇನ್ನೊಂದು ಪ್ರಶ್ನೆ ಕೇಳಿದರೆ ಅವನಿಗೆ ಉತ್ತರ ಹೊಳೆಯುತ್ತದೆ.

ಚೀಟಿ ಹಣ ಮುಳುಗಿದ ಕೇಸು ಬಂದರೆ 1982ರ ಚಿಟ್ ಫಂಡ್ ಕಾಯ್ದೆ, ಠೇವಣಿದಾರರ ಹಿತ ಕಾಯುವ 2004ರ ರಾಜ್ಯ ಕಾಯ್ದೆ, ಎರಡನ್ನೂ ಓದಿಕೊಳ್ಳಿ. ವಂಚನೆಯ 420ನೇ ಕಲಮು 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 318 ಆಗಿದೆ. ಜನ ಈಗಲೂ ಫೋರ್‌ಟ್ವೆಂಟಿ ಎಂದೇ ಬೈಯುತ್ತಾರೆ, ತಿದ್ದಲು ಹೋಗಬೇಡಿ.

ಸಾಮಾನ್ಯ ದೋಷ: ವಾಯಿದೆಯ ಮೇಲೆ ವಾಯಿದೆ. ಹಿರಿಯೂರಿನ ಕಕ್ಷಿದಾರ "ಯಾವಾಗ ಮುಗಿಯುತ್ತೆ?" ಎಂದರೆ ಮಾರಿಕಣಿವೆ ಅಣೆಕಟ್ಟು ತೋರಿಸಿ. 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ. ಬಿದ್ದೇ ಬಿತ್ತಲ್ಲ!

ಕೆಲವೊಮ್ಮೆ ಯಂತ್ರ ತಾನೇ ನಿಂತುಬಿಡುತ್ತದೆ. ಚೆಕ್ ಬೌನ್ಸಿನ ಕಾಯ್ದೆಯಲ್ಲೇ 147ನೇ ಕಲಮು ರಾಜಿಗೆ ಅವಕಾಶ ಕೊಟ್ಟಿದೆ. ನಿಮ್ಮ ವಾದ ನಾಳೆಯಿದೆ ಎನ್ನುವಾಗ ಇಬ್ಬರೂ ಟೀ ಅಂಗಡಿಯಲ್ಲಿ ರಾಜಿಯಾಗಿ ಒಂದೇ ಬಸ್ಸಿನಲ್ಲಿ ಹೊಸದುರ್ಗಕ್ಕೆ ಹೊರಡುತ್ತಾರೆ. ಗಾಬರಿ ಬೇಡ. ಪಾಟೀಸವಾಲಿನ ಹಾಳೆಗಳನ್ನು ಫೈಲಿನಿಂದ ಬಿಚ್ಚಿ ಎತ್ತಿಟ್ಟುಕೊಳ್ಳಿ. ಮುಂದಿನ ಚೆಕ್ಕಿಗೆ ಹೆಸರು ಬದಲಿಸಿದರೆ ಸಾಕು.