ಬೆಟ್ಟದ ಹಾದಿಯ ದಾನಶೂರರಿಗೆ ಒಂದು ಬಿನ್ನವತ್ತಳೆ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಸಮಸ್ತ ದಾನಶೂರ ಮಹನೀಯರು, ಅವರ ಅಭಿಮಾನಿ ಬಳಗದವರು, ಆ ಬಳಗಗಳ ಗೌರವಾಧ್ಯಕ್ಷರು ಹಾಗೂ ಫ್ಲೆಕ್ಸಿನ ಕೆಳಸಾಲಿನಲ್ಲಿ ‘ಶುಭ ಕೋರುವವರು’ ಎಂದು ಅಚ್ಚಾಗಿ ಕೈಮುಗಿದು ನಿಂತ ಹದಿನಾಲ್ಕು ಮಂದಿ, ಇವರೆಲ್ಲರ ಸಮ್ಮುಖಕ್ಕೆ ಸವಿನಯವಾಗಿ ಅರ್ಪಿತ.

ಸಾರ್ವಜನಿಕ ಸನ್ಮಾನದ ಹೊತ್ತಿನಲ್ಲಿ ಗಣ್ಯರ ಗುಣಗಳನ್ನು ಕೊಂಡಾಡಿ, ಕಟ್ಟು ಹಾಕಿಸಿ, ಓದಿ ಒಪ್ಪಿಸುವ ಬರಹಕ್ಕೆ ಬಿನ್ನವತ್ತಳೆ ಎಂಬ ಹೆಸರಿದೆ. ಅದರಲ್ಲಿ ಗಣ್ಯರು ಮಾಡಿದ ಕೆಲಸಗಳ ಜೊತೆಗೆ ಮಾಡಬಹುದಾಗಿದ್ದ ಕೆಲಸಗಳೂ ಧಾರಾಳವಾಗಿ ಸೇರಿಕೊಳ್ಳುವುದು ವಾಡಿಕೆಯಾದ್ದರಿಂದ ಈ ಪತ್ರಕ್ಕೂ ಅದೇ ಹೆಸರು ಒಪ್ಪುತ್ತದೆ. ಸಂದರ್ಭ ದೀಪಾವಳಿಯದು. ಮಲೆ ಮಹದೇಶ್ವರ ಬೆಟ್ಟದ ತೇರಿಗೆ ಇನ್ನೂ ಮೂರು ನಾಲ್ಕು ದಿನ ಇರುವಾಗಲೇ ಕೊಳ್ಳೇಗಾಲದಿಂದ ಮಧುವನಹಳ್ಳಿ, ಕಾಮಗೆರೆ, ಹನೂರು, ಕೌದಳ್ಳಿಗಳನ್ನು ಹಾದು, ಘಟ್ಟ ಮೊದಲಾಗುವ ತಾಳುಬೆಟ್ಟವನ್ನು ಮುಟ್ಟಿ ಮೇಲೇರುವ ಸುಮಾರು 80 ಕಿಲೋಮೀಟರಿನ ಹಾದಿಯಲ್ಲಿ ಪಾದಯಾತ್ರಿಗಳ ಸಾಲು ಹರಿಯತೊಡಗುತ್ತದೆ. ತಲೆಯ ಮೇಲೊಂದು ಗಂಟು, ಹೆಗಲಿಗೊಂದು ಟವೆಲ್ಲು, ಬಾಯಲ್ಲಿ ಮಾದಪ್ಪನೆಂದೇ ಕರೆಯುವ ಮಹದೇಶ್ವರನ ಉಘೇ, ಅಂಗಾಲಿನಲ್ಲಿ ಬೊಬ್ಬೆ. ಈ ಬೊಬ್ಬೆಯ ಸುದ್ದಿ ದಾನಿಗಳ ಹೃದಯಕ್ಕೆ ವರ್ಷಕ್ಕೊಮ್ಮೆ, ಸರಿಯಾಗಿ ಅದೇ ವಾರದಲ್ಲಿ ತಲುಪುವುದು ಈ ಸೀಮೆಯ ಸಾಮಾಜಿಕ ಜೀವನದ ಗಮನಾರ್ಹ ವಿದ್ಯಮಾನವಾಗಿದೆ.

ದಾರಿಯಲ್ಲಿ ನಡೆಯುವವರಿಗೆ ನೀರು, ಮಜ್ಜಿಗೆ, ಪಾನಕ ಕೊಡುವ ಅರವಟಿಗೆಯೆಂಬ ಏರ್ಪಾಡು ಕನ್ನಡ ನಾಡಿಗೆ ಹೊಸದಲ್ಲ. ಮಾದಪ್ಪನ ಒಕ್ಕಲಿನಲ್ಲಿ ಇದಕ್ಕೆ ‘ಪರ’ ಎಂಬ ಇನ್ನೂ ಹತ್ತಿರದ ರೂಪವೊಂದಿದ್ದು, ಹರಕೆ ಹೊತ್ತ ಮನೆಯವರು ಬೆಟ್ಟದಲ್ಲೋ ತಮ್ಮೂರಿನಲ್ಲೋ ಒಲೆ ಹೂಡಿ, ದೇವರ ಹೆಸರಿನಲ್ಲಿ ಬಂದವರಿಗೆಲ್ಲ ಉಣಬಡಿಸುವ ಸೇವೆಯನ್ನು ಆ ಮಾತು ಸೂಚಿಸುತ್ತದೆ. ಪರದಲ್ಲಿ ಬಡಿಸುವವನ ಮೈ ಬೆವರುತ್ತದೆ, ಉಂಡವನಿಗೆ ಬಡಿಸಿದವನ ಹೆಸರು ಗೊತ್ತಾಗುವುದಿಲ್ಲ. ಈ ಎರಡನೆಯ ಕೊರತೆಯನ್ನು ನೀಗಿಸಿದ ಕೀರ್ತಿ ಇಂದಿನ ದಾನಿಗಳಿಗೆ ಸಲ್ಲಬೇಕು.

ನೀಗಿಸಿದ ಸಾಧನವೇ ಫ್ಲೆಕ್ಸು. ಅದರ ವಿನ್ಯಾಸಕ್ಕೆ ಈಗ ಒಂದು ಶಾಸ್ತ್ರವೇ ಬೆಳೆದಿದ್ದು, ಅದನ್ನು ಕೊಂಚ ವಿವರವಾಗಿ ನೋಡುವುದು ಉಚಿತ. ನಡುವೆ ದಾನಿಯ ಮುಖ. ಅದು ಶಾಮಿಯಾನಕ್ಕಿಂತ ಎತ್ತರ, ಬಣ್ಣ ಮೂಲಕ್ಕಿಂತ ಎರಡು ಮೂರು ಪಾಲು ಬಿಳುಪು, ಕಪ್ಪು ಕನ್ನಡಕ ಐಚ್ಛಿಕ. ಆತನ ಮೇಲೆ ಅರ್ಧಚಂದ್ರಾಕಾರದಲ್ಲಿ ಆತನ ನಾಯಕರು, ಅವರ ಮೇಲೆ ಅವರ ನಾಯಕರು, ಹೀಗೆ ಮುಖಗಳು ಏರುತ್ತಾ ಹೋಗಿ, ಉಳಿದ ಎಡಮೂಲೆಯಲ್ಲಿ ಅಂಚೆಚೀಟಿಯಷ್ಟು ಜಾಗ ಮಿಕ್ಕರೆ ಹುಲಿಯ ಮೇಲೆ ಕುಳಿತ ಮಹದೇಶ್ವರ. ಬೆಟ್ಟದ ದೀಪದಗಿರಿ ಒಡ್ಡಿನ ಮೇಲೆ 2023ರ ಮಾರ್ಚ್‌ನಲ್ಲಿ 108 ಅಡಿ ಎತ್ತರದ ಪ್ರತಿಮೆಯಾಗಿ ಲೋಕಾರ್ಪಣೆಗೊಂಡ ದೇವರು ಹನೂರಿನ ಸರ್ಕಲ್ಲಿಗೆ ಬರುವಷ್ಟರಲ್ಲಿ ಹೆಬ್ಬೆಟ್ಟಿನಷ್ಟಾಗುತ್ತಾನೆ. ಹುಲಿಯಂತೂ ಮುದ್ರಣದೋಷವೆಂಬಂತೆ ಕಾಣುತ್ತದೆ. ‘ಪಾದಯಾತ್ರಿಗಳಿಗೆ ಸುಸ್ವಾಗತ’ ಎಂಬ ಅಕ್ಷರಗಳಿಗಿಂತ ‘ಯುವ ಮುಖಂಡರು’ ಎಂಬ ಅಕ್ಷರಗಳು ದಪ್ಪವಾಗಿರಬೇಕೆಂಬುದು ಈ ಶಾಸ್ತ್ರದ ಇನ್ನೊಂದು ಸೂತ್ರ. ಆ ಮುಖಂಡರ ತಲೆಗೂದಲು ನೆರೆತಿದ್ದರೂ ಸೂತ್ರಕ್ಕೆ ಬಾಧೆಯಿಲ್ಲ.

ದಾನಕ್ಕೆ ಬೇಕಾದ ಹಣದ ಮೂಲವನ್ನು ಪರಿಶೀಲಿಸಿದರೆ ವಂತಿಗೆ ಎಂಬ ಸಂಸ್ಥೆ ಎದುರಾಗುತ್ತದೆ. ವಂತಿಗೆ ಎಂದರೆ ಹತ್ತು ಮಂದಿ ತಮ್ಮ ಶಕ್ತಿಯಿದ್ದಷ್ಟು ಸೇರಿಸಿ ನಡೆಸುವ ಕೂಡು ಕೆಲಸಕ್ಕೆ ಕೊಡುವ ಪಾಲು ಎಂದು ಹಳಬರು ಅರ್ಥ ಹೇಳುತ್ತಾರೆ. ಪೇಟೆಬೀದಿಯಲ್ಲಿ ಅದರ ಇಂದಿನ ಅರ್ಥ, ಎಂಟು ಜನ ಒಟ್ಟಿಗೆ ಅಂಗಡಿಯೊಳಗೆ ನಿಂತು, ರಸೀದಿ ಪುಸ್ತಕವನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು, ಮೊತ್ತವನ್ನು ತಾವೇ ಬರೆದುಕೊಳ್ಳುವುದು ಎಂದಾಗಿದೆ. ಗೌರಿ ಗಣೇಶಕ್ಕೆ ಕೊಟ್ಟು, ಆಯುಧಪೂಜೆಗೆ ಕೊಟ್ಟು, ದೀಪಾವಳಿಗೆ ಕೊಟ್ಟು, ಅದರ ಆಸುಪಾಸಿನಲ್ಲೇ ಬರುವ ನವೆಂಬರ್ 1ರ ರಾಜ್ಯೋತ್ಸವಕ್ಕೆ ಕೈಯೆತ್ತುವ ಕಿರಾಣಿ ಅಂಗಡಿಯವನು “ಇನ್ನೂ ಬೋಣಿನೇ ಆಗಿಲ್ಲ ಕಣಣ್ಣೋ, ಸಂದ್ಗೆ ಬನ್ನಿ” ಎಂದು ಗೋಗರೆದರೆ, ಸಂಜೆ ಬರುವವರ ಸಂಖ್ಯೆ ಹನ್ನೆರಡಾಗುತ್ತದೆ. ಆತನ ಸಕ್ಕರೆ ಪಾನಕವಾಗಿ, ಆತನ ಅಕ್ಕಿ ಚಿತ್ರಾನ್ನವಾಗಿ, ಹಿಂದಿನ ಬೀದಿಯ ಪಾತ್ರೆ ಅಂಗಡಿಯವನ ಕೊಳದಪ್ಪಲೆಯಲ್ಲಿ ಬೆಂದು, ಎಲ್ಲವೂ ಕೊನೆಗೆ ಫ್ಲೆಕ್ಸಿನ ನಡುವಿನ ಮುಖದವರ ದಾನವಾಗಿ ಹೊರಬರುವ ಈ ರಸಾಯನಕ್ರಿಯೆಯಲ್ಲಿ ಮುಖದವರ ಕೊಡುಗೆಯೆಂದರೆ ಮುಖ. ಫ್ಲೆಕ್ಸಿನ ಖರ್ಚನ್ನೂ ವಂತಿಗೆಯಲ್ಲೇ ತೂಗಿಸಿದ ಉದಾಹರಣೆಗಳು ಇಲ್ಲದಿಲ್ಲ.

ಇನ್ನು ‘ವಿತರಣೆ’. ಕೊಡುವ ವಸ್ತುವಿಗಿಂತ ಅದನ್ನು ಹಿಡಿದ ಕೈಗಳು ಹೆಚ್ಚಿರುವ ಕೊಡುಗೆಗೆ ಸಣ್ಣ ಊರುಗಳಲ್ಲಿ ಈ ಹೆಸರು ಸಲ್ಲುತ್ತದೆ. ಹಬ್ಬದ ಹಿಂದಿನ ವಾರ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಹಣ್ಣು ಬ್ರೆಡ್ಡು ವಿತರಣೆ ನಡೆಯುವ ಬಗೆಯನ್ನು ಗಮನಿಸಿದವರಿಗೆ ಇದು ಸ್ಪಷ್ಟ. ಒಂದು ಬ್ರೆಡ್ಡಿನ ಪೊಟ್ಟಣದ ಮೇಲೆ ಒಂಬತ್ತು ಅಂಗೈಗಳು. ಅದರ ಕೆಳಗೆ ಬಾಣಂತಿಯ ಒಂದು ಅಂಗೈ. ಎಲ್ಲ ಮುಖಗಳೂ ಬಾಣಂತಿಯ ಕಡೆಗಲ್ಲದೆ ಎದುರಿನ ಮೊಬೈಲಿನ ಕಡೆಗೆ. “ಅಣ್ಣ, ಇನ್ನೊಂದ್ಸಲ” ಎಂದು ಮೊಬೈಲಿನವನು ಹೇಳಿದಾಗ ಬ್ರೆಡ್ಡನ್ನು ಹಿಂದಕ್ಕೆ ಪಡೆದು ಮತ್ತೊಮ್ಮೆ ಕೊಡಲಾಗುತ್ತದೆ, ಮತ್ತು ಆ ಬಾಣಂತಿ ಅಷ್ಟೇ ತಾಳ್ಮೆಯಿಂದ ಎರಡನೆಯ ಸಲವೂ ಸ್ವೀಕರಿಸುತ್ತಾಳೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಗಾದೆ ಇಲ್ಲಿ ಪಾಲನೆಯಾಗುವುದು ಅಸಾಧ್ಯ, ಏಕೆಂದರೆ ಒಂಬತ್ತರಲ್ಲಿ ಯಾವ ಕೈ ಯಾರದೆಂಬುದೇ ತಿಳಿಯುವುದಿಲ್ಲ.

ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರಂದು ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯನ್ನು ಇಲ್ಲಿ ನೆನೆಯುವುದು ಅರಸಿಕತನವೆನಿಸೀತು. ಆದರೂ ಆ ಪಟ್ಟಿಯಲ್ಲಿ ಕೈಚೀಲ, ಬ್ಯಾನರು, ತೋರಣ, ಫ್ಲೆಕ್ಸು, ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಹಾಳೆ ಇಷ್ಟೂ ಇರುವುದನ್ನು ಓದಿದರೆ, ಅದನ್ನು ಸಿದ್ಧಪಡಿಸಿದ ಅಧಿಕಾರಿ ಬೆಟ್ಟದ ಹಾದಿಯ ಶಾಮಿಯಾನವೊಂದರಲ್ಲಿ ಊಟಕ್ಕೆ ಕುಳಿತು, ಕಣ್ಣಿಗೆ ಬಿದ್ದದ್ದನ್ನು ಬಿದ್ದ ಕ್ರಮದಲ್ಲೇ ಬರೆದುಕೊಂಡಿರಬೇಕೆಂಬ ಅನುಮಾನ ಹುಟ್ಟುತ್ತದೆ. ಹಾದಿಯ ಮೇಲ್ಭಾಗ ಹಾಯುವುದು 2013ರಲ್ಲಿ ಘೋಷಣೆಯಾದ, 906 ಚದರ ಕಿಲೋಮೀಟರಿಗೂ ಮಿಕ್ಕಿದ ವನ್ಯಜೀವಿಧಾಮದ ನಡುವೆ. ತೇರಿನ ಮಾರನೆಯ ದಿನ ಅಲ್ಲಿ ಅನ್ನ ಅಂಟಿದ ತಟ್ಟೆ ನೆಕ್ಕುವ ಕೋತಿಗಳನ್ನೂ, ಖಾಲಿ ನೀರಿನ ಪೊಟ್ಟಣ ತುಂಬಿದ ಚರಂಡಿಗಳನ್ನೂ ಕಂಡವರು ಅನ್ನದಾನದ ವ್ಯಾಪ್ತಿ ಸಕಲ ಜೀವರಾಶಿಗೂ ಹಬ್ಬಿದೆಯೆಂದು ಸಂತೋಷಪಡಬಹುದು. ಗುಡಿಸುವವರು ಮಾತ್ರ ಯಾವ ಫ್ಲೆಕ್ಸಿನಲ್ಲೂ ಇರುವುದಿಲ್ಲ.

ಒಂದು ವಿಷಯವನ್ನು ಮಾತ್ರ ನಗೆಯಿಲ್ಲದೆ ಹೇಳಬೇಕಾಗಿದೆ. ಇದೇ ಹನೂರು ತಾಲ್ಲೂಕಿನ ಸುಳ್ವಾಡಿಯ ಕಿಚ್‌ಗುತ್ತಿ ಮಾರಮ್ಮನ ಗುಡಿಯಲ್ಲಿ 2018ರ ಡಿಸೆಂಬರ್ 14ರಂದು ವಿಷ ಬೆರೆತ ಪ್ರಸಾದ ತಿಂದು 17 ಮಂದಿ ತೀರಿಕೊಂಡರು. ಉಂಡವರಲ್ಲಿ ಹೆಚ್ಚಿನವರು ಕೂಲಿ ಮಾಡುವವರು, ಪಾದಯಾತ್ರಿಗಳ ಹಾಗೆಯೇ ಕೊಟ್ಟವರನ್ನು ನಂಬಿ ಕೈಯೊಡ್ಡಿದವರು. ಅಡುಗೆ ಮಾಡಿದವರು ಯಾರು, ನೀರು ಎಲ್ಲಿಯದು, ಮೊದಲು ರುಚಿ ನೋಡಿದವರು ಯಾರು ಎಂದು ಕೇಳಲು ಬಂದ ಆರೋಗ್ಯ ಸಿಬ್ಬಂದಿಯನ್ನು “ಧರ್ಮದ ಕೆಲಸಕ್ಕೂ ಪರ್ಮಿಶನ್ನಾ?” ಎಂದು ಗದರಿಸುವ ಮಹನೀಯರು ಕನಿಷ್ಠ ಈ ತಾಲ್ಲೂಕಿನೊಳಗೆ ಆ ಮಾತನ್ನು ಆಡದಿರುವುದು ಒಳ್ಳೆಯದು.

ದಾನದ ಭೂಗೋಳಕ್ಕೆ ಬಂದರೆ, ಅದು ಡಾಂಬರನ್ನು ಅನುಸರಿಸುತ್ತದೆ. ಹೆದ್ದಾರಿಯ ಬದಿಯಲ್ಲಿ ಒಂದು ಶಾಮಿಯಾನದಲ್ಲಿ ಮೊಸರನ್ನ ತಿಂದ ಯಾತ್ರಿ ಕೂಗಳತೆಯ ದೂರದಲ್ಲಿ ಬಾತಿನ ತಟ್ಟೆಯನ್ನೂ, ಅಲ್ಲಿಂದ ಏಳುವ ಮೊದಲೇ ಮೂರನೆಯ ಬಳಗದ ಬಾಳೆಹಣ್ಣನ್ನೂ ಸ್ವೀಕರಿಸಬೇಕಾಗಿ ಬಂದು, ಹಸಿವಿಲ್ಲವೆಂದರೆ ದಾನಿಗಳಿಗೆ ಬೇಸರವಾದೀತೆಂದು ತಿಂದು, ಘಟ್ಟ ಹತ್ತಲಾರದೆ ಕೂರುವುದುಂಟು. ಅದೇ ಬೆಟ್ಟದ ಒಳಮೈಯಲ್ಲಿ, ಡಾಂಬರು ನಿಂತುಹೋದ ಕಡೆಯಿಂದ ಕಾಲುದಾರಿ ಹಿಡಿದು ಹೋಗಬೇಕಾದ ಇಂಡಿಗನತ್ತ, ಮೆಂದಾರೆ, ದೊಡ್ಡಾಣೆ ಮೊದಲಾದ ಊರುಗಳಿವೆ. ರಸ್ತೆ, ನೀರು, ವಿದ್ಯುತ್ತಿನಂಥ ಮೂಲಸೌಕರ್ಯಗಳಿಲ್ಲವೆಂದು ಇಂಡಿಗನತ್ತದವರು 2024ರ ಏಪ್ರಿಲ್ 26ರಂದು ಲೋಕಸಭಾ ಚುನಾವಣೆಯ ಮತದಾನವನ್ನು ಬಹಿಷ್ಕರಿಸಿ, ಅದು ಗಲಭೆಗೆ ತಿರುಗಿ, ಮತಯಂತ್ರ ಒಡೆದು, ಮೂರು ದಿನ ಬಿಟ್ಟು 29ರಂದು ಮರುಮತದಾನ ನಡೆಸಬೇಕಾಯಿತು. ಯಂತ್ರ ಒಡೆದದ್ದನ್ನು ಯಾರೂ ಮೆಚ್ಚಬೇಕಾಗಿಲ್ಲ. ಆದರೆ ಆ ಊರಿನ ಹೆಸರು ರಾಜ್ಯಕ್ಕೆಲ್ಲ ತಿಳಿದದ್ದು ಅಂದೇ, ಮತ್ತು ಆ ಮೊದಲು ಅಲ್ಲಿಗೆ ಹೋದ ಪಾನಕದ ಕೊಡಗಳನ್ನು ಎಣಿಸಲು ಬೆರಳುಗಳು ಬೇಕಾಗಿರಲಿಲ್ಲ. ಬೊಬ್ಬೆ ಎದ್ದ ಅಂಗಾಲು ಅಲ್ಲಿ ಹಬ್ಬದ ವಾರಕ್ಕಷ್ಟೇ ಸೀಮಿತವಲ್ಲವಾದ್ದರಿಂದ ಅದಕ್ಕೆ ಸುದ್ದಿಯ ಮೌಲ್ಯವಿಲ್ಲ.

ದಾನಿಗಳು ನಿತ್ಯ ಜೈಕಾರ ಹಾಕುವ ಮಾದಪ್ಪನೇ ಈ ವಿಷಯದಲ್ಲಿ ಸ್ವಲ್ಪ ಬೇರೆ ಪದ್ಧತಿಯವನಾಗಿದ್ದನೆಂದು ಐತಿಹ್ಯ ಹೇಳುತ್ತದೆ. ಬೆಟ್ಟಕ್ಕೆ ಬರುವ ಮೊದಲು ಆತ ಸುತ್ತೂರು ಮಠದಲ್ಲಿದ್ದು ದಾಸೋಹಕ್ಕೆ, ಅಂದರೆ ಬಂದವರಿಗೆಲ್ಲ ಉಣಿಸುವ ಮಠದ ನಿತ್ಯದ ಕಾಯಕಕ್ಕೆ, ರಾಗಿ ಬೀಸುತ್ತಿದ್ದನಂತೆ. ಬೀಸುವ ಕಲ್ಲಿನ ಜಾಗ ಅಡುಗೆಮನೆಗೂ ಹಿಂದೆ. ವೇದಿಕೆಯಿಂದ ಅದು ಕಾಣುವುದಿಲ್ಲ. ಗುಡಿ ಕಟ್ಟಿಸಿದವನೆಂದು ಪ್ರತೀತಿಯಿರುವ ಆಲಂಬಾಡಿಯ ಜುಂಜೇಗೌಡನ ಹೆಸರನ್ನು ಕಂಸಾಳೆಯವರು ತಲೆಮಾರುಗಳಿಂದ ಹಾಡುತ್ತಾ ಬಂದಿದ್ದಾರೆ, ಮತ್ತು ಆತನ ಮುಖ ಹೇಗಿತ್ತೆಂಬುದು ಒಬ್ಬರಿಗೂ ಗೊತ್ತಿಲ್ಲ. ಕಂಸಾಳೆಯೆಂದರೆ ಕಂಚಿನ ತಾಳ. ಅದನ್ನು ಬಡಿಯುತ್ತ ಮನೆಯ ಮುಂದೆ ನಿಂತ ದೇವರಗುಡ್ಡ, ಎಂದರೆ ಮಾದಪ್ಪನ ದೀಕ್ಷೆ ಪಡೆದ ಹಾಡುಗಾರ, ಕೇಳುವ ಭಿಕ್ಷೆಗೆ ‘ಕೋರಣ್ಯ’ವೆಂದು ಹೆಸರು. ಅದನ್ನು ಮೊರದಲ್ಲಿ ತಂದು ಹಾಕಿದ ಮನೆಯಾಕೆ ದೇವರಗುಡ್ಡನನ್ನು ತಡೆದು ನಿಲ್ಲಿಸಿ ಪಕ್ಕದ ಮನೆಯವರನ್ನು ಫೋಟೋಗೆ ಕರೆದ ಪ್ರಸಂಗ ಜನಪದ ಸಾಹಿತ್ಯದಲ್ಲಿ ದೊರೆಯುವುದಿಲ್ಲ.

ದೀಪಾವಳಿಯ ಅಮಾವಾಸ್ಯೆಯ ಹೊತ್ತಿಗೆ ಬೆಟ್ಟದಲ್ಲಿ ಹಾಲರವಿ ಉತ್ಸವ ನಡೆಯುತ್ತದೆ. ಅರವಿ ಎಂದರೆ ಕೊಡ. ಪೂಜೆಯ ಹಕ್ಕುಳ್ಳ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಕಾಡಿನೊಳಗಿನ ಹಳ್ಳದಿಂದ ನೀರು ತುಂಬಿ, ತಲೆಯ ಮೇಲೆ ಹೊತ್ತು, ಸಾಲಾಗಿ ನಡೆದು ತಂದು ದೇವರಿಗೆ ಒಪ್ಪಿಸುತ್ತಾರೆ. ನೋಡಲು ಬಹಳ ಚೆಂದ. ದಾನಿಗಳ ಬಳಗವೂ ಆ ಹೊತ್ತಿಗೆ ಸರಿಯಾಗಿ ಹಾಜರಿದ್ದು ಪಕ್ಕದಲ್ಲಿ ನಿಂತು ತೆಗೆಸಿಕೊಳ್ಳುತ್ತದೆ. ಹಬ್ಬ ಕಳೆದ ಮೇಲೂ ಬೆಟ್ಟದೊಳಗಿನ ಊರುಗಳಲ್ಲಿ ಹೆಣ್ಣುಮಕ್ಕಳು ಕೊಡ ಹೊತ್ತು ನಡೆಯುತ್ತಾರೆ. ಅದಕ್ಕೆ ಉತ್ಸವವೆಂಬ ಹೆಸರಿಲ್ಲ, ಓಲಗವಿಲ್ಲ.

ಮಹನೀಯರ ಧರ್ಮಕಾರ್ಯವನ್ನು ನಿಲ್ಲಿಸಬೇಕೆಂಬ ದುರುದ್ದೇಶ ಈ ಬಿನ್ನವತ್ತಳೆಗೆ ಇರುವುದಿಲ್ಲವಾಗಿ, ಇರುವ ಸಾಮಗ್ರಿಯಲ್ಲೇ ಆಗಬಹುದಾದ ಒಂದು ಸುಧಾರಣೆಯನ್ನು ಮಾತ್ರ ಅರಿಕೆ ಮಾಡಲಾಗಿದೆ. ಒಳಗಿನ ಊರುಗಳಲ್ಲಿ ಕಾಯಿಲೆ ಬಿದ್ದವರನ್ನೂ ದಿನ ತುಂಬಿದ ಬಸುರಿಯರನ್ನೂ ಡೋಲಿಯಲ್ಲಿ ಹೊತ್ತು ತಂದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಡೋಲಿಯೆಂದರೆ ಗಟ್ಟಿಯಾದ ಗಳವೊಂದಕ್ಕೆ ಕಂಬಳಿಯ ಎರಡು ತುದಿಗಳನ್ನು ಬಿಗಿದು, ನಡುವಿನ ಜೋಲಿಯಲ್ಲಿ ರೋಗಿಯನ್ನು ಮಲಗಿಸಿ, ಹಿಂದೆ ಮುಂದೆ ಹೆಗಲು ಕೊಟ್ಟು ಆನೆ ತಿರುಗುವ ಹಾದಿಯಲ್ಲಿ ನಡೆಯುವ ಸಾಗಣೆ. ಕಂಬಳಿಯನ್ನು ಮಹನೀಯರು ಹೇಗೂ ಚಳಿಗಾಲಕ್ಕೆ ಮುನ್ನ ವಿತರಿಸುತ್ತಾರೆ. ಫ್ಲೆಕ್ಸು ಕಟ್ಟಿದ ಗಳಗಳೂ ತೇರು ಮುಗಿದ ಮೇಲೆ ರಸ್ತೆ ಬದಿಯಲ್ಲಿ ಹಾಗೇ ನಿಂತಿರುತ್ತವೆ. ಉದ್ದ ಸರಿಯಾಗಿದೆ, ಬಿದಿರು ಒಳ್ಳೆಯದು. ಎರಡನ್ನೂ ಕೂಡಿಸಿ ಒಳಗಿನ ಊರುಗಳಿಗೆ ಮುಟ್ಟಿಸಿದರೆ ಹೊಸ ಖರ್ಚು ಬಾರದು. ಕಂಬಳಿಯ ಹೊರಮೈಗೆ, ಹೊರುವವರ ಕಡೆಯಿಂದಲೂ ಓದಲು ಬರುವ ಹಾಗೆ, ದಾನಿಗಳ ಹೆಸರನ್ನು ಅಚ್ಚು ಹಾಕಿಸುವುದಕ್ಕೆ ಊರಿನವರ ಆಕ್ಷೇಪಣೆ ಇರಲಾರದು. ಫೋಟೋ ಬೇಕೆಂದಾದರೆ ಮಾತ್ರ, ಡೋಲಿ ಕೆಳಗಿಳಿಸಿ “ಇನ್ನೊಂದ್ಸಲ” ಎನ್ನದೆ, ನಡೆಯುತ್ತಲೇ ತೆಗೆದುಕೊಳ್ಳಬೇಕಾಗಿ ಕೋರಿಕೆ.

ಇಂತಿ,
ಫ್ಲೆಕ್ಸಿನಲ್ಲಿ ಜಾಗ ಸಿಗದ ಸಮಸ್ತ ಭಕ್ತಾದಿಗಳು,
ಕೊಳ್ಳೇಗಾಲ–ಬೆಟ್ಟದ ರಸ್ತೆ