ಅರ್ಧ ವೋಲ್ಟಿನ ಉಸಾಬರಿ

ಓಡುವ ಗಾಡಿಯ ಗೊಡವೆ ಯಾರಿಗೂ ಬೇಡ. ನಿಂತ ಗಾಡಿಗೆ ಊರೆಲ್ಲ ಡಾಕ್ಟರು. ಅದರಲ್ಲೂ ಕಣಗಲಾದಲ್ಲಿ, ಪಿ.ಬಿ. ರೋಡಿನ ದಂಡೆಗೆ ಬಾನೆಟ್ ಎತ್ತಿದರೆ ಮುಗಿಯಿತು. ಸಂಕೇಶ್ವರಕ್ಕೆ ಹೊರಟವರು, ನಿಪ್ಪಾಣಿಯಿಂದ ಬಂದವರು, ಎಚ್‌ಎಲ್‌ಎಲ್ ಫ್ಯಾಕ್ಟರಿಯ ಪಾಳಿ ಮುಗಿಸಿದವರು, ಎಲ್ಲರೂ ಒಮ್ಮೆ ತಲೆ ಹಾಕಿಯೇ ಮುಂದೆ ಹೋಗುವುದು.

ನನ್ನ ಹಳೇ ಎಂಪಿಎಫ್‌ಐ ಕಾರು ಓಡುವಾಗ ಸಾಧು. ನಿಲ್ಲಿಸಿದರೆ ಮಾತ್ರ ತಾನಾಗಿಯೇ ಊಂ ಎಂದು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಟೋಲಿನ ಸಾಲಿನಲ್ಲಿ ಮುಂದಿನವರು ಹೊರಳಿ ನನ್ನನ್ನೇ ದುರುಗುಟ್ಟಿ ನೋಡುತ್ತಾರೆ.

ಕಣಗಲಾದ ಮಿಸ್ತ್ರಿಯ ಮುಂದೆ ಬಾನೆಟ್ ಎತ್ತಿದ್ದೇ ತಡ, "ಪ್ಲಗ್ ಹೋಗ್ಯಾವ್ರಿ" ಎಂದರು ಒಬ್ಬರು. "ಪೆಟ್ರೋಲ್ ಎಲ್ಲಿದು? ಗಡಿ ಆಚಿಕಡಿದೋ, ಈಚಿಕಡಿದೋ?" ಎಂದರು ಇನ್ನೊಬ್ಬರು. ಮಹಾರಾಷ್ಟ್ರದ ಗಡಿ ತಂಟೆ ಇಂಜಿನ್ನಿನೊಳಗೂ ಇಳಿಯಿತು.

ಮಿಸ್ತ್ರಿ ಮೊದಲು ಥ್ರಾಟಲ್ ಬಾಡಿಯ ಮಸಿ ಒರೆಸಿದ. ಆಮೇಲೆ ಅದರ ಮಗ್ಗುಲಿಗಿದ್ದ ಕರಿ ಡಬ್ಬಿ ತೋರಿಸಿ, "ಚಾಡಿ ಹೇಳೂದು ಇದ ನೋಡ್ರಿ ಸರ" ಎಂದ.

ಮಾತು ಸುಳ್ಳಲ್ಲ. ಒಳಗಿನ ಕಂಪ್ಯೂಟರಿಗೆ ಆಕ್ಸಿಲರೇಟರ್ ಮೇಲಿನ ನಮ್ಮ ಕಾಲು ಕಾಣುವುದಿಲ್ಲ. ಅದು ಈ ಡಬ್ಬಿಗೆ, ಅಂದರೆ ಥ್ರಾಟಲ್ ಪೊಸಿಷನ್ ಸೆನ್ಸರಿಗೆ, 5 ವೋಲ್ಟ್ ಕೊಡುತ್ತದೆ. ಕಾಲು ತೆಗೆದಾಗ ಸುಮಾರು ಅರ್ಧ ವೋಲ್ಟ್, ಪೂರ್ತಿ ಒತ್ತಿದಾಗ ನಾಲ್ಕರ ಮೇಲೆ ವಾಪಸು ಬಂದರೆ ಲೆಕ್ಕ ಸರಿ. ಕಾಲು ತೆಗೆದಾಗಲೂ 0.8 ಬಂತೋ, 'ಸಾಹೇಬರು ಒತ್ತುತ್ತಿದ್ದಾರೆ' ಎಂದು ಕಂಪ್ಯೂಟರು ನಂಬಿ, ಐಡಲ್ ಸಂಭಾಳಿಸುವ ಕೆಲಸವನ್ನೇ ಬಿಟ್ಟು ಕೂಡುತ್ತದೆ. ಕೇಳಿದ್ದನ್ನೆಲ್ಲ ನಂಬುವ ಇಂಥ ಅಧಿಕಾರಿಗಳನ್ನು ನಾನು ಬೇರೆಡೆಯೂ ಕಂಡಿದ್ದೇನೆ, ಇರಲಿ.

ಕೀಲಿ ಆನ್, ಇಂಜಿನ್ ಬಂದ್. ಮೀಟರು ಡಿಸಿ 20ಕ್ಕೆ. ಕರಿ ಕಡ್ಡಿ ಅರ್ತಿಗೆ. ಕೆಂಪು ಕಡ್ಡಿ, ಸಿಗ್ನಲ್ ವೈರಿನ ಹಿಂದಿನಿಂದ ತೂರಿಸಿದ ಗುಂಡುಪಿನ್ನಿಗೆ. ಸ್ಕ್ರೂ ಎರಡೇ, ಅವುಗಳ ತೂತು ಉದ್ದುದ್ದ. ಸಡಿಲಿಸಿದರೆ ಡಬ್ಬಿ ಕೂದಲೆಳೆಯಷ್ಟು ತಿರುಗುತ್ತದೆ. 0.78... 0.61... 0.43. "ಜರಾ ಮ್ಯಾಲ!" ಎಂದಿತು ಜನ. ಮಿಸ್ತ್ರಿ ಬೇಕೆಂದೇ 0.46ಕ್ಕೆ ನಿಲ್ಲಿಸಿದ. ಸ್ಕ್ರೂ ಬಿಗಿಯುವಾಗ ಅಂಕಿ ಸರಿಯುತ್ತದೆಂಬುದು ಅವನಿಗೆ ಗೊತ್ತು. ಕೊನೆಯ ಅರ್ಧ ಸುತ್ತಿಗೆ ಸರಿಯಾಗಿ 0.50. ಥ್ರಾಟಲ್ಲಿನ ಸ್ಟಾಪ್ ಸ್ಕ್ರೂವನ್ನು ಅವನು ಮುಟ್ಟಲಿಲ್ಲ. ಅದು ಫ್ಯಾಕ್ಟರಿಯ ಅಳತೆ. ಐಡಲ್ ಹೆಚ್ಚು ಕಡಿಮೆಯಾಯಿತೆಂದು ಅದನ್ನೇ ತಿರುಗಿಸುವವರ ಕೈಗೆ ಪಾನಾ ಕೊಡಬಾರದು.

ಹೊಸ ಕಾರುಗಳಿಗೆ ಈ ಭಾಗ್ಯವಿಲ್ಲ. ಸಾಮಾನ್ಯವಾಗಿ ಸೆನ್ಸರು ಥ್ರಾಟಲ್ ಬಾಡಿಯೊಳಗೇ ಭದ್ರ. ಸೊನ್ನೆ ಎಲ್ಲಿದೆಯೆಂದು ಕಂಪ್ಯೂಟರೇ ಕಲಿತುಕೊಳ್ಳುತ್ತದೆ. ಜನರಿಗೆ ನೋಡಲು ಏನೂ ಸಿಗುವುದಿಲ್ಲ.

ಇಂಜಿನ್ ಶುರುವಾಗಿ ಒಂದೇ ಸಮನೆ ಗುನುಗತೊಡಗಿದಾಗ ಮಂದಿಗೆ ಸ್ವಲ್ಪ ನಿರಾಸೆಯಾದಂತಿತ್ತು. ಪ್ಲಗ್ ಎಂದಿದ್ದ ಹಿರಿಯರು ಮಾತ್ರ ಕದಲಲಿಲ್ಲ. ತಮ್ಮ ಹಳೇ ಎಂ80 ಮುಂದಕ್ಕೆ ತಳ್ಳಿ, "ನಂದೂ ಅರ್ಧ ವೋಲ್ಟ್ ಐತೇನ್ ನೋಡೋ ತಮ್ಮಾ" ಎಂದರು. ಅದಕ್ಕೆ ಸೆನ್ಸರೂ ಇಲ್ಲ, ಕಂಪ್ಯೂಟರೂ ಇಲ್ಲ. ಮಿಸ್ತ್ರಿ ಎಲ್ಲೋ ಕಡ್ಡಿ ತಾಗಿಸಿ, ಮೀಟರನ್ನು ಗಂಭೀರವಾಗಿ ನೋಡಿ ಹೇಳಿದ: "ಬರೋಬರಿ ಐತ್ರಿ ಕಾಕಾ."