ಆಯುಧಪೂಜೆಯ ಪಾಠ
ಮಕ್ಕಳಿಂದ ‘ಥ್ಯಾಂಕ್ಯೂ’ ಹೇಳಿಸುವುದೇನೂ ಕಷ್ಟವಲ್ಲ. ಚಾಕೊಲೇಟ್ ಕೈಗೆ ಬರುವ ಮುಂಚೆಯೇ ಹೇಳಿಬಿಡುತ್ತವೆ. ನಲ್ಲಿ ನೀರಿಗೆ ಹೇಳಿಸಿ ನೋಡೋಣ! ಕಾವೇರಿ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್, ಅದೂ 500 ಮೀಟರಿನಷ್ಟು ಏರು ಹತ್ತಿಕೊಂಡು ಬೆಂಗಳೂರಿಗೆ ಬರುತ್ತಾಳೆ ಎಂದು ಮೊಮ್ಮಗಳಿಗೆ ವಿವರಿಸಿದೆ. ‘ಪಾಪ, ಸುಸ್ತಾಗಿರ್ತಾಳೆ ತಾತ, ಇವತ್ತು ಸ್ನಾನ ಬೇಡ’ ಎಂದಳು.

ಕೃತಜ್ಞತೆಯ ಪಾಠಕ್ಕೆ ಆಯುಧಪೂಜೆಯೇ ಸರಿ. ಭಾಷಣ ಬೇಕಿಲ್ಲ, ಅರಿಶಿನ-ಕುಂಕುಮದ ಬಟ್ಟಲು ಕೈಗೆ ಕೊಟ್ಟರಾಯಿತು. ಈ ಸಲ ಮಿಕ್ಸಿ, ಈಳಿಗೆಮಣೆ, ಸ್ಕೂಟರು ಮುಗಿಸಿ ಟಿವಿ ರಿಮೋಟಿಗೂ ಬೊಟ್ಟಿಟ್ಟಳು. ವಾಲ್ಯೂಮ್ ಗುಂಡಿ ಇನ್ನೂ ಅಂಟುತ್ತಿದೆ. ಆಮೇಲೆ ಅಡುಗೆಮನೆಗೆ ಓಡಿ ಅಜ್ಜಿಯ ಹಣೆಗೊಂದು. ‘ಮನೇಲಿ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡೋದು ಅಜ್ಜೀನೇ!’

ನಾನೂ ಹಣೆ ಮುಂದೆ ಮಾಡಿದೆ.

‘ನೀನು ಏನು ಕೆಲಸ ಮಾಡ್ತೀಯ ತಾತ?’